'ಬಂದೇ ಬಿಟ್ಟೀನಿ' ಮೀಮಾಂಸೆ

ಕಲಬುರಗಿಯ ಕಾಕಾ ಒಬ್ಬರು ಫೋನ್ ಹಚ್ಚಿ "ಎಲ್ಲಿದ್ದಿಯೋ ತಮ್ಮಾ?" ಎಂದರು. ಕೆಂಪು ಬಾಳೆಹಣ್ಣು ತರಲು ಕಮಲಾಪುರಕ್ಕೆ ಹೋಗಿದ್ದ ಅಣ್ಣನ ಮಗ, "ಬಂದೇ ಬಿಟ್ಟೀನ್ರಿ ಕಾಕಾ, ಮಹಾಗಾಂವ ಕ್ರಾಸ್ ದಾಟೀನಿ" ಎಂದ. ಮನೆ ಮುಟ್ಟಿದ್ದು ಎರಡು ತಾಸಿನ ಮೇಲೆ. ಸದರಿ ವಾಕ್ಯದ ಸತ್ಯಾಸತ್ಯ ನಿರ್ಣಯವೇ ಈ ಪ್ರಬಂಧದ ಘನೋದ್ದೇಶ.

ಪೂರ್ವಪಕ್ಷ: ಹುಡುಗ ಸುಳ್ಳಾಡಿಲ್ಲ. ಸುದ್ದಿ ಮುಟ್ಟಲು ಹೊತ್ತು ಹಿಡಿಯಿತು. ಮೇಲಾಗಿ 1905ರಲ್ಲೇ ಐನ್‌ಸ್ಟೈನ್ ಸಾರಿದಂತೆ ಓಡುವವನ ಗಡಿಯಾರ ಬೇರೆ, ಕೂತವನದು ಬೇರೆ.

ಸಿದ್ಧಾಂತಿ ಲೆಕ್ಕ ತೆಗೆಯುತ್ತಾನೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2,99,792 ಕಿ.ಮೀ. ಕಟ್ಟೆಯ ಮೇಲೆ ಕೂತ ಕಾಕಾ ಅಳೆದರೂ ಅಷ್ಟೇ, ಬಸ್ಸಿನೊಳಗಿನ ಹುಡುಗ ಅಳೆದರೂ ಅಷ್ಟೇ. ಬಸ್ಸಿನ ವೇಗ ಅದಕ್ಕೆ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಟವರು, ಕೇಬಲ್ಲಿನ ಸುತ್ತುದಾರಿ ಬಿಟ್ಟು, ರೇಡಿಯೊ ಅಲೆ ನೇರ ಬಂತೆಂದೂ ದೂರ ಪೂರಾ 36 ಕಿ.ಮೀ. ಎಂದೂ ಹಿಡಿದರೂ ಸುದ್ದಿಗೆ ಬೇಕಾದದ್ದು 120 ಮೈಕ್ರೊಸೆಕೆಂಡು. ಅಷ್ಟರಲ್ಲಿ ಗಂಟೆಗೆ 60 ಕಿ.ಮೀ. ವೇಗದ ಬಸ್ಸು 2 ಮಿಲಿಮೀಟರ್ ಮುಂದೆ ಬಂದಿರುತ್ತದೆ. ಅಂದರೆ ಸುದ್ದಿ ತಡವಾದಷ್ಟೂ ಹುಡುಗ ಹೇಳಿದ್ದಕ್ಕಿಂತ ಹತ್ತಿರವೇ ಇರಬೇಕು! ಪೂರ್ವಪಕ್ಷಿಯ ಹಗ್ಗ ಅವನ ಕೊರಳಿಗೇ ಸುತ್ತಿಕೊಂಡಿತು.

ಗಡಿಯಾರದ ವಾದವೂ ನಿಲ್ಲದು. ಅದೇ ವೇಗದಲ್ಲಿ ಒಂದು ತಾಸು ಓಡಿದ ಬಸ್ಸಿನ ಗಡಿಯಾರ ಹಿಂದೆ ಬೀಳುವುದು ಸೆಕೆಂಡಿನ ಲಕ್ಷ ಕೋಟಿ ಪಾಲಿನಲ್ಲಿ ಐದಾರು ಪಾಲು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿ ಸುತ್ತಿಸಿದಾಗಲೂ ವ್ಯತ್ಯಾಸ ನ್ಯಾನೊಸೆಕೆಂಡುಗಳಷ್ಟೇ. (ಗಡಿಯಾರಗಳಿಗೂ ಸೀಟಿನ ಟಿಕೆಟ್ ತೆಗೆಸಿದ್ದರು, ನಮ್ಮಲ್ಲಾದರೆ ಲಗೇಜ್ ಚೀಟಿಯಲ್ಲಿ ಮುಗಿಯುತ್ತಿತ್ತು.)

ಪೂರ್ವಪಕ್ಷಿ ಬಿಡಲೊಲ್ಲ: ಬಸ್ಸು ಬೆಳಕಿನ ಐದರಲ್ಲಿ ಮೂರು ಪಾಲು ವೇಗದಲ್ಲಿ ಬಂದರೆ? ಆಗ ನೋಡಿ ಸೊಗಸು. ಹುಡುಗ ತನ್ನ ವಾಚು ನೋಡಿ ನಿಮಿಷಕ್ಕೊಂದು ಮಿಸ್ಡ್ ಕಾಲ್ ಕೊಟ್ಟರೆ ಕಾಕಾರಿಗೆ ಅರ್ಧ ನಿಮಿಷಕ್ಕೊಂದು ಬರುತ್ತದೆ. ಕಮಲಾಪುರ ದಾಟಿ ಹುಮನಾಬಾದಿನ ಕಡೆಗೆ ದೂರ ಸರಿದರೆ ಎರಡು ನಿಮಿಷಕ್ಕೊಂದು. ತೊಡಕು ಒಂದೇ. ಕಲಬುರಗಿಯ ದಾರಿ ಕಾಕಾರ ಗಡಿಯಾರದಲ್ಲಿ 200, ಹುಡುಗನ ವಾಚಿನಲ್ಲಿ 160 ಮೈಕ್ರೊಸೆಕೆಂಡಿಗೇ ಮುಗಿಯುವುದರಿಂದ ಎರಡನೇ ಮಿಸ್ಡ್ ಕಾಲಿಗೆ ಪುರುಸೊತ್ತಿಲ್ಲ.

ಪ್ರತ್ಯಕ್ಷ, ಅನುಮಾನಗಳು ಕೈಕೊಟ್ಟ ಮೇಲೆ ಉಳಿದದ್ದು ಶಬ್ದಪ್ರಮಾಣ. ಕಾಕಾರ ಫೋನಿನಲ್ಲಿ ಕರೆ ತಾನಾಗಿ ರೆಕಾರ್ಡ್ ಆಗಿತ್ತು. "ಮಹಾಗಾಂವ ಕ್ರಾಸ್ ದಾಟೀನಿ" ಎಂಬುದರ ಬೆನ್ನಿಗೇ ಇನ್ನೊಂದು ದನಿ ಸ್ಪಷ್ಟ ಕೇಳುತ್ತದೆ:

"ಇನ್ನೊಂದ್ ಡಜನ್ ಕಟ್ಟಲೇನ್ರಿ?"