ಬಾನೆಟ್ ಮಾಮ

ಬಾನೆಟ್ ಎತ್ತಿ ನಿಂತ ಲಾರಿಯನ್ನು ಕಂಡು ಸುಮ್ಮನೆ ದಾಟಿ ಹೋಗುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಆದರೆ ನಿಂತು ನೋಡುವವರು ಬೇರೆ, ಬಾನೆಟ್ ಮಾಮ ಬೇರೆ. ನೋಡುವವರು ತಮ್ಮ ಬಸ್ಸು ಬಂದ ಕೂಡಲೇ ಹತ್ತಿ ಹೋಗುತ್ತಾರೆ. ಮಾಮ ಬಸ್ಸನ್ನೇ ಬಿಟ್ಟುಬಿಡುತ್ತಾರೆ. ತಿಪಟೂರಿನಲ್ಲಿ, ಸಕಲೇಶಪುರದಲ್ಲಿ, ಪೊಳ್ಳಾಚಿಯಲ್ಲಿ ಇಂಥವರು ಒಬ್ಬೊಬ್ಬರು ಇದ್ದೇ ಇರುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವುದು ವಾಲ್ಪಾರೈಯ ಮಾದರಿ.

ಯಾರಿಗೆ ಮಾಮ ಎಂದು ಕೇಳಬಾರದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡುವ ಕೊಯಮತ್ತೂರು ಸೀಮೆಯ ಕುಟುಂಬಗಳ ಪೈಕಿ ಅವರು. ಎರಡೂ ಭಾಷೆಯವರಿಗೆ ಅವರು ಮಾಮನೇ. ಮಡಿಸಿ ಕಟ್ಟಿದ ಬಿಳಿ ಪಂಚೆ, ಅಂಗಿಯ ಕಾಲರಿಗೆ ಬೆನ್ನ ಕಡೆಯಿಂದ ಸಿಕ್ಕಿಸಿದ ಕೊಡೆ. ಇಷ್ಟು ಕಾಲ ಎಂಜಿನುಗಳ ಮಗ್ಗುಲಲ್ಲೇ ಕಳೆದರೂ ಆ ಪಂಚೆಗೆ ಒಂದು ಚುಕ್ಕೆ ಗ್ರೀಸ್ ತಾಗಿದ್ದನ್ನು ಕಂಡವರಿಲ್ಲ. ಅವರ ಆಯುಧ ತೋರುಬೆರಳು ಒಂದೇ. ತೀರಾ ಗಂಭೀರ ಪ್ರಕರಣವಾದರೆ ಮೇಸ್ತ್ರಿಯ ಉದ್ದ ಸ್ಕ್ರೂಡ್ರೈವರ್ ಇಸಿದುಕೊಂಡು, ತುದಿಯನ್ನು ಎಂಜಿನ್ ಬ್ಲಾಕಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ಎಂಜಿನ್ ಆಫ್ ಆಗಿದ್ದರೂ ಹಾಗೆ ಮಾಡಿದ್ದುಂಟು.

ಇಷ್ಟೆಲ್ಲ ಅಧಿಕಾರ ಎಲ್ಲಿಂದ ಬಂತು ಎಂದರೆ ಪೊಳ್ಳಾಚಿ ರಸ್ತೆಯಿಂದ. ಆಳಿಯಾರಿನಿಂದ ಬೆಟ್ಟ ಹತ್ತುವಾಗ ನಲವತ್ತು ಹೇರ್‌ಪಿನ್ ತಿರುವುಗಳು, ಒಂದೊಂದಕ್ಕೂ ನಂಬರಿನ ಫಲಕ. ಬೇರೆಯವರಿಗೆ ಅದು ಹೊಟ್ಟೆ ತೊಳಸುವ ದಾರಿ, ಮಾಮನಿಗೆ ರೋಗ ನಿದಾನದ ಅಳತೆಗೋಲು. “ಒಂಬತ್ತನೇ ಬೆಂಡು, ಲೋಮ್ಸ್ ವ್ಯೂ ಹತ್ತಿರ ನೀರು ಕುದೀತಾ? ರೇಡಿಯೇಟರ್ ಕಟ್ಟಿದೆ. ಅಟ್ಟಕಟ್ಟೀಲಿ ಕುದೀತಾ? ಫ್ಯಾನ್ ಬೆಲ್ಟ್ ಸಡಿಲ. ನಲವತ್ತೂ ಮುಗಿದ ಮೇಲೆ ಕುದೀತಾ? ಡ್ರೈವರ್ ಸರಿ ಇಲ್ಲ.” ಒಂದು ಕಾಲಕ್ಕೆ ಎಸ್ಟೇಟಿನ ಲಾರಿ ಓಡಿಸಿದವರು. ಎಷ್ಟು ಕಾಲ ಎಂಬ ಲೆಕ್ಕ ಮಾತ್ರ ಕೇಳುವವರ ವಯಸ್ಸಿನ ಮೇಲೆ ಹೋಗುತ್ತದೆ. ಕೇಳಿದವನು ಎಳೆಯನಾದಷ್ಟೂ ಮಾಮನ ಸರ್ವೀಸು ದೊಡ್ಡದು.

ಇಂಥ ಊರಿಗೆ ನಮ್ಮ ಭಾವ ಒಂದು ಹಳೇ ಮೂಗಿನ ಲಾರಿ ತಂದು ನಿಲ್ಲಿಸಿದರು. ಟಾಟಾದವರು 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದರಲ್ಲ, 1969ರವರೆಗೆ ನಡೆದ ಆ ಕೂಡುವಳಿಯ ಕಾಲದ್ದು. ಮುಂದೆ ಮರ್ಸಿಡಿಸ್ ನಕ್ಷತ್ರ ಇರಬೇಕಾದ ಕಡೆ ಎರಡು ತೂತು ಇದ್ದವು. ಚಹದ ಎಲೆ ಹೊತ್ತು ಹೊತ್ತು ಸುಸ್ತಾದ ಗಾಡಿ, ಶೆಡ್ಡಿನಲ್ಲಿ ನಿಂತು ತುಕ್ಕು ತಿಂದಿತ್ತು. ಅದನ್ನು ಮೊದಲಿನ ಹಾಗೆ ಮಾಡಬೇಕೆಂಬುದು ಭಾವನ ಆಸೆ. ಯಾಕೆ ಎಂದು ಅಕ್ಕ ಕೇಳಿದ್ದಕ್ಕೆ ಇವತ್ತಿಗೂ ಉತ್ತರ ಬಂದಿಲ್ಲ. ಮಾಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತೂತಿಗೆ ಬೆರಳಿಟ್ಟು, “ಅಳಿಯಾ, ಸ್ಟಾರ್ ಎಲ್ಲಿ? ಅದಿಲ್ಲದೆ ಇದು ಸ್ಟಾರ್ಟ್ ಆಗಲ್ಲ” ಎಂದು ಮೊದಲ ತೀರ್ಪು ಕೊಟ್ಟರು. ಸ್ಟಾರ್ಟ್ ಆಗಲೂ ಇಲ್ಲ. ಅಂದಿನಿಂದ ಅವರನ್ನು ಹಿಡಿಯುವವರಿಲ್ಲ.

ಮೊದಲು ಕ್ಯಾಬಿನ್. ಕಾಲಿಡುವ ತಗಡು ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ವೆಲ್ಡಿಂಗ್ ಹುಡುಗ ಜಾಣ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ, ಹೊಸ ತುಂಡು ಕೂಡಿಸಿ, ಇಲ್ಲೊಂದು ಅಲ್ಲೊಂದು ಟ್ಯಾಕ್ ಹಾಕುತ್ತ ಹೋದ. ತೆಳು ತಗಡಿನ ಮೇಲೆ ಒಂದೇ ಸಮ ಎಳೆದರೆ ಕಾವಿಗೆ ಸೊಟ್ಟಗಾಗುತ್ತದೆ, ಇಲ್ಲವೇ ತೂತೇ ಬೀಳುತ್ತದೆ. ಆದರೆ ಜೂನ್ ತಿಂಗಳ ವಾಲ್ಪಾರೈ. ಗೋಡೆ ಬೆವರುತ್ತದೆ, ಹಾಸಿಗೆ ಬೆವರುತ್ತದೆ, ರಾಡ್ ಕಟ್ಟೂ ಬೆವರಿತ್ತು. ತೇವ ಕುಡಿದ ರಾಡ್ ಚಟಚಟ ಸಿಡಿದು ಅಂಟಿಕೊಳ್ಳುತ್ತದೆ, ಬೆಸುಗೆ ತುಂಬ ಗುಳ್ಳೆ ಏಳುತ್ತದೆ. “ಕರೆಂಟ್ ಏರ್ಸು ತಂಬಿ!” ಎಂದರು ಮಾಮ. ಏರಿಸಿದ, ತಗಡಿನಲ್ಲಿ ರೂಪಾಯಿಯಗಲ ತೂತು. “ಇಳ್ಸು!” ಇಳಿಸಿದ, ರಾಡ್ ಅಂಟಿ ನಿಂತಿತು. “ಅದನ್ನೇ ನಾನು ಹೇಳಿದ್ದು” ಎಂದರು. ಏನನ್ನು ಹೇಳಿದ್ದೆಂದು ಯಾರೂ ಕೇಳಲಿಲ್ಲ. ಹುಡುಗ ಮಾತಿಲ್ಲದೆ ರಾಡ್ ಕಟ್ಟನ್ನು ಪಕ್ಕದ ಹೋಟೆಲಿಗೆ ಒಯ್ದು ಪರೋಟಾ ಕಲ್ಲಿನ ಅಂಚಿನಲ್ಲಿ ಒಣಗಲು ಜೋಡಿಸಿದ. ಪರೋಟಾ ಮಾಸ್ಟರ್ ಬೈದ ಬೈಗುಳ ಇಲ್ಲಿ ಬೇಡ. ಬೆಸುಗೆ ಮಾತ್ರ ನೀಟಾಗಿ ಕೂತಿತು.

ಮಾಮ ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದ್ದು ಡೀಸೆಲ್ ಟ್ಯಾಂಕಿಗೆ ಬೆಸುಗೆ ಹಾಕುವ ದಿನ. ಖಾಲಿ ಟ್ಯಾಂಕೇ ತುಂಬಿದ್ದಕ್ಕಿಂತ ಅಪಾಯ. ಒಳಗೆ ಉಳಿದ ಆವಿಗೆ ಕಿಡಿ ಸಾಕು. ಹುಡುಗ ಸೋಪುನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಬೆಸುಗೆಯ ಜಾಗ ಬಿಟ್ಟು ಉಳಿದಷ್ಟಕ್ಕೂ ನೀರು ತುಂಬಿಸಿ ಟಾರ್ಚ್ ಹಚ್ಚಿದ. “ಹೆದರಬೇಡ ತಂಬಿ, ನಾನಿದ್ದೀನಿ” ಎಂಬ ಧೈರ್ಯದ ಮಾತು ರಸ್ತೆಯಾಚೆ ಬಸ್ ಸ್ಟಾಪಿನ ಗೋಡೆಯ ಹಿಂದಿನಿಂದ ಕೇಳಿಬಂತು.

ಆಮೇಲೆ ಎಂಜಿನ್. ಇಲ್ಲಿ ಮಾಮನ ವಿದ್ವತ್ತು ಪೂರ್ತಿ ಅರಳಿತು. ಈಗ ಲಾರಿ ಸ್ಟಾರ್ಟ್ ಆಗುತ್ತಿತ್ತು, ಕೆಮ್ಮುತ್ತಿತ್ತು, ಸ್ವಲ್ಪ ಹೊತ್ತಿಗೆ ನಿಲ್ಲುತ್ತಿತ್ತು. ಹೊಗೆಯ ಬಣ್ಣ ನೋಡಿ ರೋಗ ಹೇಳುವುದು ಸುಳ್ಳಲ್ಲ. ಕಪ್ಪಾದರೆ ಡೀಸೆಲ್ ಜಾಸ್ತಿ ಗಾಳಿ ಕಡಿಮೆ, ನೀಲಿಯಾದರೆ ರಿಂಗ್ ಸವೆದು ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಡೀಸೆಲ್ ಸರಿಯಾಗಿ ಹತ್ತಿಕೊಳ್ಳುತ್ತಿಲ್ಲ ಅಥವಾ ಒಳಗೆ ನೀರು ಸೇರಿದೆ. ಆದರೆ ಮಳೆಗಾಲದಲ್ಲಿ ಆ ಊರೇ ಬಿಳಿ. ಸೈಲೆನ್ಸರಿನಿಂದ ಬಂದದ್ದೆಷ್ಟು, ಆನೆಮಲೆಯಿಂದ ಇಳಿದ ಮಂಜೆಷ್ಟು ಎಂದು ಬೇರ್ಪಡಿಸುವುದು ಹೇಗೆ? ಮಾಮ ಬೇರ್ಪಡಿಸಿದರು. “ಹೆಡ್ ಗ್ಯಾಸ್ಕೆಟ್ ಹೋಗಿದೆ” ಎಂದರು. ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು ತೋರಿಸಿದ: ಆಯಿಲಿಗೆ ನೀರು ಸೇರಿದ್ದರೆ ಹಾಲು ಹಾಕಿದ ಕಾಫಿಯ ಬಣ್ಣ ಬರಬೇಕು, ಇದು ಕಡುಗಪ್ಪು. “ಹಾಗಾದ್ರೆ ನಾಝಲ್.” ಮೇಸ್ತ್ರಿ ಎಂಜಿನ್ ಓಡುವಾಗಲೇ ನಾಝಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದ. ಯಾವುದನ್ನು ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮಲಗಿದೆ ಎಂದರ್ಥ. ಆರರಲ್ಲೂ ಸದ್ದು ಬದಲಾಯಿತು, ಯಾವುದೂ ಮಲಗಿಲ್ಲ. “ಹಂಗಾದ್ರೆ ಪಂಪೇ. ಬೆಂಗಳೂರಿಗೆ ಕಳಿಸಿ, ಆಡುಗೋಡಿ ಮೈಕೋದಲ್ಲಿ ನನಗೆ ಗೊತ್ತಿರೋರು ಇದ್ದಾರೆ.” ಆ ಮೈಕೋ ಹೆಸರು ಬದಲಿಸಿ ಬಾಷ್ ಆಗಿ ಎಷ್ಟೋ ವರ್ಷವಾಯಿತು. ಮಾಮನಿಗೆ ಗೊತ್ತಿರುವವರು ಯಾವಾಗಲೂ ಹಿಂದಿನ ಹೆಸರಿನ ಕಂಪನಿಗಳಲ್ಲೇ ಇರುತ್ತಾರೆ.

ಹಾಗೆಂದು ಮೇಸ್ತ್ರಿಗೆ ಅವರ ಮೇಲೆ ಸಿಟ್ಟಿತ್ತು ಎಂದುಕೊಂಡರೆ ತಪ್ಪು. ನಡುವೆ ಮಾಮ ಮೊಮ್ಮಗುವಿನ ನಾಮಕರಣಕ್ಕೆಂದು ತಿರುಪ್ಪೂರಿಗೆ ಹೋದರು. ಈಗ ಕೆಲಸ ಓಡುತ್ತದೆ ಎಂದು ಭಾವ ಹಿಗ್ಗಿದರು. ಕೆಲಸ ನಿಂತೇ ಹೋಯಿತು. ಮೇಸ್ತ್ರಿ ಸ್ಪ್ಯಾನರ್ ಹಿಡಿದು ಎಂಜಿನನ್ನು ನೋಡುತ್ತಾನೆ, ರಸ್ತೆಯನ್ನು ನೋಡುತ್ತಾನೆ, ಟೀ ಕುಡಿಯುತ್ತಾನೆ. ಕೇಳಿದರೆ ಅಂದ: “ಮಾಮ ಒಂದು ಹೇಳಿದ್ರೆ ಅದು ಅಲ್ಲ ಅಂತ ಗೊತ್ತಾಗುತ್ತೆ ಸಾರ್. ಅದನ್ನ ಬಿಟ್ಟು ಮಿಕ್ಕಿದ್ದು ಹುಡುಕಬಹುದು. ಈಗ ಎಲ್ಲಾನೂ ನಾನೇ ಹುಡುಕ್ಬೇಕು.” ನಮ್ಮ ದೊಡ್ಡ ದೊಡ್ಡ ಕಮಿಟಿಗಳಿಗೂ ಇಷ್ಟು ಖಚಿತವಾಗಿ ತಪ್ಪುವ ಒಬ್ಬ ಸದಸ್ಯ ಸಿಕ್ಕಿದ್ದರೆ ಎಷ್ಟು ಖರ್ಚು ಉಳಿಯುತ್ತಿತ್ತೋ.

ತಿರುಪ್ಪೂರಿನಿಂದ ಮಾಮ ಬನಿಯನ್ ಗಂಟಿನ ಸಮೇತ ಮರಳಿ ಬಂದರು. ಬಂದವರೇ ಟ್ಯಾಂಕಿನ ಮುಚ್ಚಳ ತೆಗೆಸಿ ಇಣುಕಿ, “ಅರೆಹೊಟ್ಟೇಲಿ ಯಾರಪ್ಪಾ ದುಡೀತಾರೆ? ತುಂಬಿಸು” ಎಂದರು. ಡೀಸೆಲ್ ದರ ನೆನೆದು ಭಾವನ ಮುಖ ಬಾಡಿತು. ಆದರೂ ತುಂಬಿಸಿದರು. ಲಾರಿ ಸ್ಟಾರ್ಟ್ ಆಯಿತು, ನಿಲ್ಲದೆ ಗುಡುಗುಡು ಓಡಿತು. ಟ್ಯಾಂಕ್ ಅರ್ಧಕ್ಕೆ ಇಳಿದ ಮೇಲೆ ಮತ್ತೆ ಅದೇ ಕೆಮ್ಮು, ಅದೇ ಸಾವು.

ಮೇಸ್ತ್ರಿಯ ಕಣ್ಣು ಹೊಳೆದದ್ದು ಆಗ. ಒಂದು ಕ್ಯಾನಿನಲ್ಲಿ ಡೀಸೆಲ್ ಇಟ್ಟು, ಬೇರೆ ಟ್ಯೂಬಿನಲ್ಲಿ ನೇರ ಫೀಡ್ ಪಂಪಿಗೆ ಕೊಟ್ಟು ಏರ್ ತೆಗೆದ. ಎಂಜಿನ್ ನಿಲ್ಲಲೇ ಇಲ್ಲ. ಅಂದರೆ ಪಂಪಿನಿಂದ ಮುಂದೆ ಎಲ್ಲ ಸರಿ, ದೋಷ ಅದಕ್ಕೂ ಹಿಂದೆ. ಟ್ಯಾಂಕಿನೊಳಗಿನ ಸಕ್ಷನ್ ಪೈಪ್ ಬಿಚ್ಚಿ, ಒಂದು ತುದಿ ಬೆರಳಲ್ಲಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದ. ಯಾವುದೋ ಕಾಲದ ಹಿತ್ತಾಳೆ ಬೆಸುಗೆಯ ಪಕ್ಕ, ಪೈಪಿನ ಅರ್ಧ ಎತ್ತರದಲ್ಲಿ, ಸೂಜಿಮೊನೆಯಷ್ಟು ತೂತಿನಿಂದ ಗುಳ್ಳೆ ಎದ್ದವು. ಟ್ಯಾಂಕ್ ತುಂಬಿದ್ದಾಗ ತೂತು ಡೀಸೆಲಿನಲ್ಲಿ ಮುಳುಗಿರುತ್ತದೆ. ಮಟ್ಟ ಇಳಿದರೆ ಪೈಪು ಡೀಸೆಲ್ ಬದಲು ಗಾಳಿ ಎಳೆಯುತ್ತದೆ. ಎಳೆಯುವ ಪೈಪಿನಲ್ಲಿ ಹೀಗೇ ಆಗುವುದು, ಹೊರಗೆ ಒಂದು ಹನಿ ಸೋರುವುದಿಲ್ಲ, ಹುಡುಕುವವನಿಗೆ ಸುಳಿವೇ ಸಿಗುವುದಿಲ್ಲ. ಹುಡುಗ ಅದನ್ನು ಬೆಸೆದು ಮುಗಿಸಲು ಒಂದು ಬೀಡಿಯ ಹೊತ್ತು ಸಾಕಾಯಿತು.

ಅಂದು ಸಂಜೆ ಹೋಟೆಲಿನಲ್ಲಿ ಮಾಮ ಕಥೆ ಹೇಳುತ್ತಿದ್ದರು. “ನಾನು ಟ್ಯಾಂಕ್ ತುಂಬಿಸೋಕೆ ಹೇಳಿದ್ದು ಯಾಕೆ ಅಂದ್ಕೊಂಡ್ರಿ? ಪೈಪಿನ ಮೇಲೆ ಮೊದಲ ದಿನಾನೇ ನನಗೆ ಅನುಮಾನ.” ಮೇಸ್ತ್ರಿ ಪಕ್ಕದಲ್ಲೇ ಕೂತು ಪರೋಟಾ ಹರಿಯುತ್ತಿದ್ದ. ತಲೆ ಎತ್ತಲಿಲ್ಲ. ಅಲ್ಲ ಎನ್ನಲೂ ಇಲ್ಲ.

ಈಗ ಉಳಿದಿರುವುದು ಕಾಗದ. 2021ರಲ್ಲಿ ಕೇಂದ್ರದವರು ವಿಂಟೇಜ್ ನೋಂದಣಿ ನಿಯಮ ತಂದರು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡಿಸದ ಗಾಡಿಗೆ ‘ವಿಎ’ ಅಕ್ಷರದ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, ದುಡಿಮೆಗೆ ಓಡಿಸುವಂತಿಲ್ಲ. ಆದರೆ ಅದು ಎರಡು ಚಕ್ರ, ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ. ಭಾವ ತಲೆ ಮೇಲೆ ಕೈ ಹೊತ್ತು ಲಾರಿಯ ಟೈರು ಎಣಿಸಿದರು: ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು. ಮಾಮ ಬಸ್ಸಿಗೆಂದು ಬಿಚ್ಚಿದ್ದ ಕೊಡೆಯನ್ನು ಮಡಿಸಿ ಕಾಲರಿಗೆ ಸಿಕ್ಕಿಸಿ ಹತ್ತಿರ ಬಂದರು.

“ಅದಕ್ಕ್ಯಾಕೆ ಯೋಚ್ನೆ ಅಳಿಯಾ? ಹಿಂದಿನ ಜೋಡೀಲಿ ಒಂದೊಂದು ಬಿಚ್ಚಾಕು. ಆರ್‌ಟಿಒ ಆಫೀಸಲ್ಲಿ ನನಗೆ ಗೊತ್ತಿರೋರು ಇದ್ದಾರೆ.”

ಮೇಸ್ತ್ರಿ ಜ್ಯಾಕನ್ನು ಎತ್ತಿಕೊಂಡು ಹೋಗಿ ಶೆಡ್ಡಿನೊಳಗೆ ಬೀಗ ಹಾಕಿಟ್ಟ.