ಹೆರಿಗೆ ವಾರ್ಡಿನ ದ್ವಾರಪಾಲಕ

ಸಂಜೆ ನಾಲ್ಕಕ್ಕೆ ತೆರೆದು ಆರಕ್ಕೆ ಮುಚ್ಚುವ ಸರ್ಕಾರಿ ಹೆರಿಗೆ ವಾರ್ಡಿನ ಬಾಗಿಲಲ್ಲಿ, ವೈಕುಂಠದ ಜಯವಿಜಯರಿಗೂ ದುರ್ಲಭವಾದ ಗಾಂಭೀರ್ಯದಿಂದ ಕುಳಿತಿದ್ದ ಜವಾನನು, ಸೆರಗಿನಡಿಯಲ್ಲಿ ಮೆಣಸಿನ ಸಾರಿನ ಡಬ್ಬಿಯನ್ನು ಮರೆಮಾಡಿಕೊಂಡು ಬಂದ ವೃದ್ಧೆಯನ್ನು ತಡೆದನು.

“ಬಾಣಂತಿಗೊಂದೇ ಪಾಸು, ಅಜ್ಜಿ. ಅದು ಒಳಗಿರುವವರ ಕೈಲಿದೆ.”

“ಒಳಗಿರುವುದು ಅಳಿಯನ ಅಕ್ಕ ಕಣಪ್ಪ, ಮಗುವಿನ ಮೂಗು ಯಾರದೆಂದು ವಿಚಾರಣೆ ನಡೆಸುತ್ತಿದ್ದಾಳೆ. ಹೆತ್ತ ಅನುಭವವುಳ್ಳ ಹೆಂಗಸೊಬ್ಬಳು ಜೊತೆಗಿರಬಹುದೆಂದು 2016ರಲ್ಲಿಯೇ ಕೇಂದ್ರ ಸರ್ಕಾರ ಅಪ್ಪಣೆ ಕೊಟ್ಟಿತಂತಲ್ಲ? ನಾನು ಐವರನ್ನು ಹೆತ್ತವಳು.”

“ಅದು ಹೆರುವ ತನಕ. ಹೆತ್ತ ಮೇಲೆ ನೀವು ಬರಿಯ ಸಂದರ್ಶಕರು.”

“ಹಾಗಾದರೆ ಈಗತಾನೆ ಹತ್ತು ಜನರೊಡನೆ ಒಳಹೊಕ್ಕ ಮುಖಂಡರು?”

“ಅವರು ತಪಾಸಣೆಗೆ ಬಂದವರು.”

ಹೀಗೆಂದ ಆ ಧರ್ಮಿಷ್ಠನು (ದಕ್ಷತೆಗೆ ನಮ್ಮಲ್ಲಿ ಅಭಾವವಿಲ್ಲ) ಡಬ್ಬಿಯ ಮುಚ್ಚಳವನ್ನು ತೆಗೆದು ಮೂಸಿ, ಬೆಳ್ಳುಳ್ಳಿಯ ಪ್ರಮಾಣವನ್ನು ಮನಸ್ಸಿನಲ್ಲಿಯೇ ಶ್ಲಾಘಿಸಿ, “ಸಾರು ಹೋಗಬಹುದು, ನೀವು ಇಲ್ಲೇ ಇರಿ” ಎಂದು ತೀರ್ಪಿತ್ತನು.