ಐದು ನಿಮಿಷಕ್ಕೊಮ್ಮೆ ವಿಚಾರಿಸುವ ಮಗ

ಕಡಬ ತಾಲೂಕಿನ ಆಲಂಕಾರಿನಂಥ ಊರುಗಳಲ್ಲಿ ಅಡಿಕೆ ತೋಟವೂ ತಂದೆತಾಯಿಯರೂ ಊರಿನಲ್ಲುಳಿದು ಮಗ ಮಾತ್ರ ಬೆಂಗಳೂರು ಸೇರಿದ ಮನೆಗಳಿಂದ ಹುಟ್ಟಿಬಂದ ಮನುಷ್ಯವರ್ಗವೊಂದನ್ನು ‘ದೂರನಿಗಾದ ಮಗ’ ಎಂದು ಕರೆಯಬಹುದು. ಕಂಪೆನಿಯೊಂದರ ರೂಟರ್, ಸ್ವಿಚ್ಚುಗಳ ಆರೋಗ್ಯವನ್ನು ಕುರ್ಚಿಯಿಂದೇಳದೆ ನೋಡಿಕೊಳ್ಳುವುದು ಆತನ ಉದ್ಯೋಗವಾಗಿದ್ದು, ಅದಕ್ಕೆ ಆತ ನೆಚ್ಚಿರುವುದು 1988ರಲ್ಲಿ ಮೊದಲು ಪ್ರಕಟವಾದ ಎಸ್‌ಎನ್‌ಎಂಪಿ ಎಂಬ ನಿಯಮಾವಳಿಯನ್ನು. ಎಂದರೆ, ಯಾವ ತಯಾರಕರ ಯಂತ್ರವಾದರೂ ಒಂದೇ ಬಗೆಯ ಪ್ರಶ್ನೆಗೆ ಒಂದೇ ಬಗೆಯಲ್ಲಿ ಉತ್ತರಿಸಬೇಕೆಂಬ ಒಪ್ಪಂದವನ್ನು. ಪ್ರಶ್ನಿಸುವ ಕಂಪ್ಯೂಟರು ಮ್ಯಾನೇಜರ್, ಯಂತ್ರದೊಳಗೆ ಕುಳಿತು ಉತ್ತರಿಸುವ ತಂತ್ರಾಂಶ ಏಜೆಂಟ್, ಕೇಳದೆಯೇ ಏಜೆಂಟ್ ಕಳುಹಿಸುವ ದೂರು ಟ್ರ್ಯಾಪ್.

ಈ ವಿದ್ಯೆ ಕಚೇರಿಯಲ್ಲೇ ಉಳಿದಿದ್ದರೆ ವರ್ಗವು ನಿರುಪದ್ರವಿಯಾಗಿರುತ್ತಿತ್ತು. ಆದರೆ ದೂರನಿಗಾದ ಮಗನು ಊರಿನ ಮನೆಗೂ ಈ ನಿಯಮಾವಳಿ ಬಲ್ಲ ರೂಟರನ್ನು ತಂದಿಟ್ಟು, ಐದು ನಿಮಿಷಕ್ಕೊಮ್ಮೆ ಬೆಂಗಳೂರಿನಿಂದ ಅದರ ಕ್ಷೇಮ ವಿಚಾರಿಸುವಂತೆ ಮಾಡುತ್ತಾನೆ. ಯಂತ್ರ ಎಷ್ಟು ಹೊತ್ತಿನಿಂದ ಎಚ್ಚರವಾಗಿದೆ ಎಂಬುದನ್ನು ಸೆಕೆಂಡಿನ ನೂರನೆಯ ಅಂಶಗಳಲ್ಲಿ ಎಣಿಸುವ 32 ಬಿಟ್‌ಗಳ ಲೆಕ್ಕವೊಂದಿದ್ದು, ಅದು ಸುಮಾರು 497 ದಿನಗಳಲ್ಲಿ ತುಂಬಿ ಸೊನ್ನೆಗೆ ಮರಳುತ್ತದೆ. ಆಲಂಕಾರಿನ ಸಿಡಿಲು ಯಾವ ರೂಟರಿಗೂ ಆ ದೀರ್ಘಾಯುಷ್ಯವನ್ನು ಕರುಣಿಸುವಂತೆ ಕಾಣುವುದಿಲ್ಲ. ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ ಮೊದಲ ಗುಡುಗು ಕೇಳಿದೊಡನೆ ತಾಯಿ, ಹಿರಿಯರಿಂದ ಬಂದ ವಿವೇಕದಂತೆ, ಟಿವಿಯದೂ ರೂಟರಿನದೂ ವಯರ್ ಎಳೆದು ಬದಿಗಿಡುತ್ತಾರೆ. ಪ್ರಶ್ನೆಗಳನ್ನು ಒಯ್ಯುವ ಯುಡಿಪಿಗೆ ಅವು ತಲಪಿದವೇ ಎಂದು ನೋಡುವ ಪರಿಪಾಠವಿಲ್ಲದ ಕಾರಣ, ಉತ್ತರ ಬಾರದಿದ್ದಾಗ ಯಂತ್ರ ಸುಟ್ಟಿತೋ, ಕರೆಂಟು ಹೋಯಿತೋ, ತಾಯಿಯೇ ತೆಗೆದಿಟ್ಟರೋ ಎಂಬುದು ಮ್ಯಾನೇಜರಿಗೆ ತಿಳಿಯದೆ ಪರದೆ ಕೆಂಪಾಗುತ್ತದೆ. ನೆರೆಮನೆಯವರ ಫೋನು ಬಡಿದುಕೊಳ್ಳುತ್ತದೆ. “ಮಾವ, ಒಮ್ಮೆ ಹೋಗಿ ನೋಡ್ತೀರಾ, ಹಸಿರು ಲೈಟು ಉಂಟಾ ಅಂತ?” ನೆರೆಯವನು ಕೊಡೆ ಹಿಡಿದು, ಸಿಡಿಲಿಗೆ ಹೆದರುತ್ತ, ಅಡಿಕೆ ಅಂಗಳ ದಾಟಿ ಹೋಗಿ, ಸ್ವಿಚ್ಚು ಹಾಕದ ಯಂತ್ರದಲ್ಲಿ ಲೈಟು ಇಲ್ಲವೆಂಬ ಸತ್ಯವನ್ನು ಬೆಂಗಳೂರಿಗೆ ವರದಿ ಮಾಡಬೇಕಾಗುತ್ತದೆ. ಬರಹದ ಹವ್ಯಾಸವಿರುವ ನೆರೆಯವರಿಗೆ ಈ ಕೆಲಸ ಹೆಚ್ಚಾಗಿ ಬೀಳುವುದು, ಅವರು ಸದಾ ಮನೆಯಲ್ಲಿಯೇ ಇದ್ದು ಏನೂ ಮಾಡುತ್ತಿರುವುದಿಲ್ಲವೆಂಬ ಸಾರ್ವತ್ರಿಕ ನಂಬಿಕೆಯಿಂದ.

ಉಪದೇಶವೂ ಈ ವರ್ಗದ ಲಕ್ಷಣ: ಪ್ರಶ್ನೆಯೊಂದಿಗೆ ಹೋಗುವ ಗುಪ್ತಪದವನ್ನು ‘ಪಬ್ಲಿಕ್’ ಎಂದೇ ಬಿಟ್ಟವರ ಮೇಲೆ ಆತ ಕೆಂಡವಾಗುವುದು ನ್ಯಾಯವೇ ಸರಿ, ಏಕೆಂದರೆ ನಿಯಮಾವಳಿಯ ಹಳೆಯ ಆವೃತ್ತಿಗಳಲ್ಲಿ ಆ ಪದ ಮರೆಯಿಲ್ಲದೆ ಸಾಗುತ್ತದೆ, ಗುರುತಿನ ಪರಿಶೀಲನೆ, ಗೂಢಲಿಪಿಗಳು ಬಂದದ್ದು ಮೂರನೆಯ ಆವೃತ್ತಿಯಲ್ಲಿ.

ಆದರೂ ಆತನನ್ನು ಪೂರ್ತಿ ಬಯ್ಯಲಾಗದು. ರೂಟರಿನೊಳಗೆ ಬಂದ ಬೈಟುಗಳ ರೇಖೆ ಸಂಜೆ ಏರಿದರೆ ತಾಯಿ ಯಕ್ಷಗಾನ ನೋಡುತ್ತಿದ್ದಾರೆಂದು ಆತ ಬಲ್ಲ. ಏರದ ದಿನ ಊಟ ಬಿಟ್ಟು ಫೋನು ಹಿಡಿಯುತ್ತಾನೆ, ಮಾತಾಡುವುದು ಮಾತ್ರ ರೂಟರಿನ ವಿಷಯವನ್ನೇ. ತಾಯಿಯೂ ಈಗ ಪಳಗಿ, ವಯರ್ ಎಳೆಯುವ ಮುನ್ನ ತಾವೇ ಫೋನು ಮಾಡಿ “ಗುಡುಗು ಉಂಟು ಮಗಾ, ತೆಗೆದಿಡ್ತೇನೆ” ಎನ್ನುತ್ತಾರೆ. ಎಂದರೆ, ನಿಯಮಾವಳಿಯ ಪ್ರಕಾರ ಶಾಸ್ತ್ರೋಕ್ತ ಟ್ರ್ಯಾಪ್. ಅದಾಗಿ ಐದು ನಿಮಿಷಕ್ಕೆ ನೆರೆಮನೆಯ ಫೋನು: “ಅಮ್ಮ ಹೇಳಿದ್ದಾರೆ ಮಾವ, ಆದರೂ ನೀವೊಮ್ಮೆ ನೋಡಿ.”